ಅತ್ತಿಗೆಯ ಸಣ್ಣ ಕಳ್ಳತನಗಳು

ನಮ್ಮ ಅತ್ತಿಗೆಯ ಮೂಗಿನ ತುದಿ ವರ್ಷದಲ್ಲಿ ನಾಲ್ಕು ತಿಂಗಳು ಸಿಪ್ಪೆ ಸುಲಿಯುತ್ತಿತ್ತು. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಮೊದಲು ಅದು ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗುವುದು. ನಾಲ್ಕು ದಿನಕ್ಕೆ ಬೆಳ್ಳುಳ್ಳಿ ಸಿಪ್ಪೆಯಂಥ ತೆಳು ಪೊರೆ ಏಳುವುದು. ಮಾತಾಡುತ್ತಲೇ ಅತ್ತಿಗೆ ಅದನ್ನು ಉಗುರಿನಿಂದ ಎತ್ತಿ, ಬೆರಳ ತುದಿಯಲ್ಲಿ ಇಟ್ಟುಕೊಂಡು ಒಂದು ಕ್ಷಣ ನೋಡಿ, ಉಫ್ ಎಂದು ಊದಿಬಿಡುತ್ತಿದ್ದಳು. ನನ್ನ ಅಮ್ಮನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. "ಅದರ ಮೂಗಿಗೆ ಚೂರು ಕೊಬ್ಬರಿ ಎಣ್ಣೆ ಹಚ್ಚೇ, ನೋಡ್ಲೆ ಆಗ್ತಿಲ್ಲೆ" ಎಂದು ನನಗೆ ಹೇಳಿ ಮುಖ ಆಚೆ ತಿರುಗಿಸುತ್ತಿದ್ದಳು.

ಅವಳು ಸ್ವೀಡನ್ ದೇಶದವಳು. ನನ್ನ ಅಣ್ಣ ಜೋಗದ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದ. ಟರ್ಬೈನಿನ ಕೆಲಸ ಕಲಿತು ಬರಲೆಂದು ಅವನನ್ನು ಎರಡು ವರ್ಷ ಅಲ್ಲಿಗೆ ಕಳಿಸಿದ್ದರು. ಅಲ್ಲಿ ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದವನು, ಬರುವಾಗ ಆಕೆಯ ಹಿರಿಮಗಳನ್ನು ಮದುವೆಯಾಗಿ ಕರೆದುಕೊಂಡು ಬಂದ. ಅರವತ್ತರ ದಶಕದ ಮೊದಲ ವರ್ಷಗಳ ಮಾತು ಇದು. ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಕೆಲಸ ಜೋರಾಗಿ ನಡೆಯುತ್ತಿತ್ತು. ಜೋಗದ ಕಾಲೊನಿಯಲ್ಲಿ ತಮಿಳರು, ಮಲೆಯಾಳಿಗಳು, ಪಂಜಾಬಿನವರು, ಎಲ್ಲ ಇದ್ದರು. ಹಾಗಾಗಿ ಕಾಲೊನಿಗೆ ನಮ್ಮ ಅತ್ತಿಗೆ ದೊಡ್ಡ ಸುದ್ದಿಯೇನೂ ಆಗಲಿಲ್ಲ. ಸುದ್ದಿಯಾದದ್ದು ಹೊಸನಗರದ ಹತ್ತಿರದ ನಮ್ಮೂರಿಗೆ. ಅಪ್ಪಯ್ಯ ಒಂದು ವರ್ಷ ಅಣ್ಣನ ಹೆಸರೆತ್ತಲಿಲ್ಲ.

ಎರಡನೇ ವರ್ಷ ನನಗೆ ಜೋಗದ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಇಪ್ಪತ್ತೊಂದು ವರ್ಷದ ಹುಡುಗಿಯನ್ನು ಒಬ್ಬಳೇ ಎಲ್ಲಿ ಬಿಡುವುದು? ಅಣ್ಣನ ಕ್ವಾರ್ಟರ್ಸೇ ಗತಿಯಾಯಿತು. ನನ್ನನ್ನು ಬಿಟ್ಟುಬರಲು ಅಮ್ಮನೇ ಎರಡು ಬಸ್ಸು ಬದಲಿಸಿ ಸಾಗರ ಪೇಟೆಯ ಮೇಲಾಗಿ ಜೋಗಕ್ಕೆ ಬಂದಳು. ಜಗಲಿಯಲ್ಲಿ ಕೂತವಳು ನೀರು ಬೆಲ್ಲ ಮುಟ್ಟುವ ಮೊದಲೇ ಸೊಸೆಯನ್ನು ಎದುರಿಗೆ ಕೂರಿಸಿಕೊಂಡಳು.

"ಈ ಮನೆ ಒಳಗೆ ಮೀನು, ಮಾಂಸ, ಮೊಟ್ಟೆ ಬಪ್ಲಾಗ. ಎಂಗೊ ಅದನ್ನೆಲ್ಲ ತಿಂಬವರಲ್ಲ. ಅದೊಂದು ಮಾತು ಕೊಡು. ಮತ್ತೆ ನಿನ್ನ ಹತ್ರ ಎಂತದೂ ಕೇಳ್ತಿಲ್ಲೆ" ಎಂದಳು.

ನಾನು ನನ್ನ ಹರಕು ಇಂಗ್ಲಿಷಿನಲ್ಲಿ ಅದನ್ನು ಅತ್ತಿಗೆಗೆ ತಿಳಿಸಿದೆ. ಅವಳು ಅಮ್ಮನ ಎರಡೂ ಕೈಗಳನ್ನು ತನ್ನ ಕೈಗಳ ನಡುವೆ ತೆಗೆದುಕೊಂಡಳು. ನಮ್ಮಲ್ಲಿ ಯಾರೂ ಹಾಗೆ ಕೈ ಹಿಡಿಯುವುದಿಲ್ಲ. ಅಮ್ಮ ನಾಚಿ ನನ್ನ ಕಡೆ ನೋಡಿದಳು. ಅತ್ತಿಗೆ ನಿಧಾನವಾಗಿ, ಮಗ್ಗಿ ಒಪ್ಪಿಸುವ ಮಗುವಿನಂತೆ ಹೇಳಿದಳು: "ಮನೆ ಒಳಗೆ ಇಲ್ಲೆ."

ನಮ್ಮ ಮನೆಮಾತಿನಲ್ಲಿ ಅವಳು ಆಡಿದ ಮೊದಲ ಮಾತು ಅದು. ಅಮ್ಮ ಆ ದಿನ ಅವಳ ಕೈಯಿಂದಲೇ ಅನ್ನ ಬಡಿಸಿಕೊಂಡು ಉಂಡಳು. ಆಮೇಲೂ ಬಂದಾಗಲೆಲ್ಲ ಉಣ್ಣುತ್ತಿದ್ದಳು. ಮಡಿ, ಮೈಲಿಗೆ ಎಂದು ಪ್ರಾಣ ಬಿಡುತ್ತಿದ್ದ ನಮ್ಮ ಅಮ್ಮ ಅಷ್ಟು ದೂರ ಬಂದದ್ದೇ ದೊಡ್ಡದು ಎಂದು ಈಗ ಅನಿಸುತ್ತದೆ.

ಹವ್ಯಕರ ಮಾತಿನಲ್ಲಿ ಹೆಣ್ಣನ್ನು 'ಅದು' ಎನ್ನುತ್ತೇವೆ. ಅದು ಬಂತು, ಅದು ಹೋತು. ನಮಗೆ ಇದರಲ್ಲಿ ಏನೂ ಕಾಣುವುದಿಲ್ಲ. ವ್ಯಾಕರಣದ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿಯುತ್ತಿದ್ದ ಅತ್ತಿಗೆಗೆ ಮಾತ್ರ ಇದು ಸಿಕ್ಕಿಬಿತ್ತು. "ಬಾಗಿಲು ಅದು. ದನ ಅದು. ನಾನೂ ಅದು. ಹಂಗಾರೆ ನಿನ್ನಣ್ಣ ಮಾತ್ರ ಅವನಾ?" ಎಂದು ಕೇಳಿದಳು. ಹೌದು ಎಂದೆ. ಬಹಳ ಹೊತ್ತು ನಕ್ಕಳು. ಅಂದಿನಿಂದ ತನ್ನ ವಿಷಯ ಹೇಳುವಾಗಲೂ ಒಮ್ಮೊಮ್ಮೆ ಬೇಕೆಂದೇ, "ಅದಕ್ಕೆ ಇಂದು ತಲೆನೋವು" ಎನ್ನುತ್ತಿದ್ದಳು.

ಹಿತ್ತಲ ಪೇರಲೆ ಮರಕ್ಕೆ ಮಂಗಗಳು ನುಗ್ಗಿದಾಗ 'ಕಳ್ಳತನ' ಎಂಬ ಪದವನ್ನು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ಆ ಪದವನ್ನು ಅವಳು ತನ್ನದೇ ಒಂದು ಕೆಲಸಕ್ಕೆ ಇಟ್ಟುಕೊಂಡಳು. ನಾನು ಶಾಲೆಯಿಂದ ಬಂದು ಕೈಕಾಲು ತೊಳೆಯುವಾಗ ಪಕ್ಕದಲ್ಲಿ ನಿಂತು, "ತಂಗಿ, ಇವತ್ತು ಒಂದು ಸಣ್ಣ ಕಳ್ತನ ಮಾಡಿದೆ" ಎನ್ನುತ್ತಿದ್ದಳು. ಏನು ಕಳ್ಳತನ? ಅಣ್ಣ ಬೆಳಗಿನ ಶಿಫ್ಟಿಗೆ ಹೋದ ಮೇಲೆ ಹಾಲಿಲ್ಲದ ಕಡುಕಪ್ಪು ಕಾಫಿ ಮಾಡಿಕೊಂಡು, ಬೆಲ್ಲದ ಉಂಡೆಯೊಂದನ್ನು ಮುಂದಿನ ಹಲ್ಲುಗಳ ನಡುವೆ ಕಚ್ಚಿ ಹಿಡಿದು, ಕಾಫಿಯನ್ನು ಕಪ್ಪಿನಿಂದ ಬಸಿಗೆ ಸುರಿದು ಸೊರ್ ಎಂದು ಹೀರಿದ್ದು. ಅವಳ ಅಜ್ಜ ಹಾಗೆ ಕುಡಿಯುತ್ತಿದ್ದನಂತೆ, ಸಕ್ಕರೆ ಅಚ್ಚಿನಲ್ಲಿ. ಅಣ್ಣನ ಎದುರು ಅವಳು ಹಾಗೆ ಕುಡಿಯುತ್ತಿರಲಿಲ್ಲ. ಊಟದಲ್ಲಿ ಸದ್ದು ಮಾಡಬಾರದು ಎಂದು ಅಲ್ಲಿದ್ದಾಗ ಅವನಿಗೆ ಕಲಿಸಿದವಳೇ ಅವಳು.

ವರ್ಷಕ್ಕೆ ಎರಡು ಸಲ ಅವಳ ತಾಯಿ ಒಂದು ತಗಡಿನ ಡಬ್ಬಿ ಕಳಿಸುತ್ತಿದ್ದಳು. ಅದರಲ್ಲಿ ಒಂದು ಬಗೆಯ ಗಟ್ಟಿ ಬಿಸ್ಕತ್ತು ಇರುತ್ತಿತ್ತು. ರೊಟ್ಟಿಗೂ ಹಪ್ಪಳಕ್ಕೂ ನಡುವಿನ ಜಾತಿ, ಬಣ್ಣ ಮಣ್ಣಿನದು, ರುಚಿ ನನಗೆ ಹತ್ತಲಿಲ್ಲ. ಹಡಗು, ರೈಲು, ಬಸ್ಸು ಎಲ್ಲ ದಾಟಿ ಜೋಗದ ಅಂಚೆಗೆ ಬರುವ ಹೊತ್ತಿಗೆ ಅದು ಅರ್ಧಕ್ಕರ್ಧ ಪುಡಿಯಾಗಿರುತ್ತಿತ್ತು. ಅತ್ತಿಗೆ ದಿನಕ್ಕೆ ಒಂದೇ ತುಂಡು ತೆಗೆದು, ಬೆಣ್ಣೆ ಉಪ್ಪು ಸವರಿ, ಹಿಂದಿನ ಮೆಟ್ಟಿಲ ಮೇಲೆ ಮನೆಗೆ ಬೆನ್ನು ಹಾಕಿ ಕೂತು ತಿನ್ನುತ್ತಿದ್ದಳು. ಕೊನೆಗೆ ಬೆರಳನ್ನು ನಾಲಿಗೆಗೆ ತಾಗಿಸಿ ಡಬ್ಬಿಯ ಮೂಲೆಯ ಪುಡಿಯನ್ನೂ ಎತ್ತಿ ತಿನ್ನುವಳು. ಡಬ್ಬಿಯೊಳಗೆ ತುರುಕಿರುತ್ತಿದ್ದ ಹಳೇ ಪತ್ರಿಕೆಯ ಹಾಳೆಗಳು ಅವಳಿಗೆ ಬಿಸ್ಕತ್ತಿಗಿಂತ ಹೆಚ್ಚು. ಅವನ್ನು ಇಸ್ತ್ರಿ ಪೆಟ್ಟಿಗೆಯಿಂದ ಸಪಾಟು ಮಾಡಿ ಓದುವಳು. ಏನು ಓದುತ್ತೀಯ ಎಂದು ಒಮ್ಮೆ ಕೇಳಿದೆ. "ನಮ್ಮೂರಲ್ಲಿ ನಾಳೆ ಹಿಮ ಬೀಳ್ತು ಹೇಳಿ ಬರೆದಿದ್ದು" ಎಂದಳು. ಅದು ಐದು ತಿಂಗಳ ಹಿಂದಿನ ನಾಳೆ.

ಮಾರ್ಗಶಿರದ ಚಳಿಯಲ್ಲಿ ನಾವೆಲ್ಲ ಕಂಬಳಿಯೊಳಗೆ ಮುದುರಿರುವಾಗ ಅವಳು ಅರ್ಧ ತೋಳಿನ ರವಿಕೆಯಲ್ಲಿ, ಶಾಲಿಲ್ಲದೆ, ಬರಿಗಾಲಿನಲ್ಲಿ ಅಂಗಳದ ಇಬ್ಬನಿಯ ಮೇಲೆ ನಿಂತಿರುತ್ತಿದ್ದಳು. ಪಕ್ಕದ ಮನೆಯ ಬೆಕ್ಕಿನೊಡನೆ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದಳು. ನಾನು ಕಂಡೆನೆಂದು ತಿಳಿದರೆ ಕೂಡಲೇ ಕನ್ನಡಕ್ಕೆ ಹೊರಳಿ ಬೆಕ್ಕಿಗೆ, "ಹೋಗು, ಹೋಗು" ಎನ್ನುವಳು. ಯಾರದ್ದನ್ನೂ ಅವಳು ಕದ್ದದ್ದಲ್ಲ. ಆದರೂ ಅವಳಿಗೆ ಅಳುಕು. ಒಂದು ದಿನ ಅದನ್ನು ಬಿಡಿಸಿ ಹೇಳಿದಳು. "ನಾನು ಇಲ್ಲಿ ಇಪ್ಪಲೆ ಬಂದದ್ದು ತಂಗಿ. ಯಾರೂ ಎಳಕೊಂಡು ಬಂದದ್ದಲ್ಲ. ಹೀಗೆ ಅಲ್ಲಿದನ್ನು ನೆಕ್ಕುತ್ತಾ ಕೂತ್ರೆ ನಿನ್ನ ಅಣ್ಣಂಗೆ ಬೇಜಾರಾಗ್ತು."

ನನಗೆ ಸೈಕಲ್ ಕಲಿಸಿದವಳು ಅವಳೇ. ಭಾನುವಾರ ಬೆಳಿಗ್ಗೆ ಕಾಲೊನಿಯ ರಸ್ತೆಯಲ್ಲಿ ಹಿಂದಿನಿಂದ ಹಿಡಿದುಕೊಂಡು ಓಡುತ್ತಿದ್ದಳು. ಬಿಟ್ಟಿದ್ದು ನನಗೆ ಗೊತ್ತಾಗದೆ ನಾನು ಕ್ಯಾಂಟೀನಿನವರೆಗೆ ಹೋಗಿದ್ದೆ. ತಿರುಗಿ ನೋಡಿದಾಗ ದೂರದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ ನಿಂತಿದ್ದಳು. ನಮ್ಮ ಮನೆತನದಲ್ಲಿ ಸೈಕಲ್ ಹೊಡೆದ ಮೊದಲ ಹೆಣ್ಣು ನಾನು. ಅವಳ ಕಳ್ಳತನಗಳ ಪಟ್ಟಿಗೆ ಇದೂ ಸೇರಿತು. ಅಮ್ಮನಿಗೆ ಹೇಳಬೇಡ ಎಂದು ಇಬ್ಬರೂ ಒಪ್ಪಂದ ಮಾಡಿಕೊಂಡೆವು.

ಒಂದು ಬುಧವಾರ ಇನ್‌ಸ್ಪೆಕ್ಟರು ತಪಾಸಣೆಗೆ ಬಂದುಹೋದ ಮೇಲೆ ಶಾಲೆ ಬೇಗ ಬಿಟ್ಟಿತು. ಮನೆಗೆ ಬಂದರೆ ಬೀಗ. ಹಿಂದಿನ ಸಾಲಿನ ಕ್ವಾರ್ಟರ್ಸಿನಲ್ಲಿ ಹೊನ್ನಾವರದ ಕಡೆಯ ಒಬ್ಬ ಫಿಟ್ಟರನ ಸಂಸಾರವಿತ್ತು. ಅವನ ಹೆಂಡತಿಗೂ ಅತ್ತಿಗೆಗೂ ಸ್ನೇಹ. ಅಲ್ಲಿರಬಹುದು ಎಂದು ಹೋದೆ. ಮುಂಬಾಗಿಲು ಹಾಕಿತ್ತು, ಸುತ್ತುಬಳಸಿ ಹಿತ್ತಲಿಗೆ ಬಂದೆ. ಅಲ್ಲಿ ಮಣೆಯ ಮೇಲೆ ಅತ್ತಿಗೆ ಕೂತಿದ್ದಳು. ಮುಂದೆ ಬಾಳೆಲೆಯ ತುಂಡಿನ ಮೇಲೆ ಒಂದು ಬಂಗಡೆ ಮೀನು, ಮಸಾಲೆಯಿಲ್ಲ, ಬರೀ ಉಪ್ಪು, ನಾಲ್ಕು ಕಾಳುಮೆಣಸು ಹಾಕಿ ನೀರಿನಲ್ಲಿ ಬೇಯಿಸಿದ್ದು. ಅವಳು ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಳು. ಅಷ್ಟು ನೆಮ್ಮದಿಯ ಮುಖವನ್ನು ನಾನು ಅವಳಲ್ಲಿ ಅದಕ್ಕಿಂತ ಮೊದಲು ನೋಡಿರಲಿಲ್ಲ.

ಕಣ್ಣು ತೆರೆದಳು. ನಾನು ಎದುರಿಗೆ. ಬಾಯಲ್ಲಿದ್ದದ್ದನ್ನು ನುಂಗಿ, ಎಡಗೈಯಿಂದ ತುಟಿ ಒರೆಸಿಕೊಂಡು, "ಇದು ಮನೆ ಒಳಗಲ್ಲ ತಂಗಿ" ಎಂದಳು.

ಫಿಟ್ಟರನ ಹೆಂಡತಿಗೇ ಗಾಬರಿ ಹೆಚ್ಚು. "ವಾರಕ್ಕೆ ಒಂದೇ ದಿನ ಅಮ್ಮ, ಬುಧವಾರ ಘಾಟಿ ಬಸ್ಸಲ್ಲಿ ಮೀನು ಬಂದ ದಿನ ಮಾತ್ರ. ಇಲ್ಲೇ ತಿಂದು, ಇಲ್ಲೇ ಮಿಂದು, ಸೀರೆ ಬದ್ಲಿಸ್ಕೊಂಡೇ ಹೋಗ್ತಾರೆ. ದೇವರಾಣೆ" ಎಂದಳು. ನೋಡಿದರೆ ಬಚ್ಚಲ ಬಾಗಿಲಿಗೆ ಅತ್ತಿಗೆಯ ಇನ್ನೊಂದು ಸೀರೆ ಮಡಿಸಿ ಹಾಕಿತ್ತು. ಪಕ್ಕದಲ್ಲಿ, ಬಾಯಿ ವಾಸನೆಗೆಂದು ಒಂದು ಏಲಕ್ಕಿಯ ಪೊಟ್ಟಣ.

ದಾರಿಯಲ್ಲಿ ಬರುವಾಗ ಕೇಳಿದೆ, ಅಣ್ಣನಿಗೆ ಗೊತ್ತಾ ಎಂದು. ಇಲ್ಲ ಎಂದಳು. "ಅವನು ನಮ್ಮನೇಲಿ ತಿಂತಿದ್ದ. ಎರಡೆರಡು ಸಲ ಹಾಕಿಸ್ಕೊಂಡು. ಇಲ್ಲಿ ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಸ್ಕೊಂಡ. ಈಗ ಅದು ನೆನಪು ಮಾಡಿರೂ ಅವಂಗೆ ಸಿಟ್ಟು" ಎಂದಳು. ನಾನು ಯಾರಿಗೂ ಹೇಳುವುದಿಲ್ಲ ಎಂದು ಅವಳು ಕೇಳದೆಯೇ ಮಾತು ಕೊಟ್ಟೆ. ಆ ಮಾತನ್ನು ಎರಡು ವರ್ಷ ಉಳಿಸಿಕೊಂಡೆ.

ಈ ಎರಡು ವರ್ಷಗಳಲ್ಲಿ ನನಗೆ ಮೂರು ಸಂಬಂಧಗಳು ಬಂದು ತಪ್ಪಿಹೋದವು. ಜಾತಕ ಕೂಡಿ, ಹುಡುಗಿ ಒಪ್ಪಿಗೆಯಾಗಿ, ಕೊನೆಗೆ ಯಾರೋ ಒಬ್ಬರು, "ಅಣ್ಣನ ಹೆಂಡತಿ ಆ ದೇಶದ್ದಡ" ಎನ್ನುವರು. ಮಾತು ಅಲ್ಲಿಗೆ ನಿಲ್ಲುವುದು. ಅತ್ತಿಗೆಗೆ ಇದು ಗೊತ್ತಿತ್ತು. ಮೂರನೆಯ ಸಲ ತಪ್ಪಿದಾಗ ಅವಳು ನನ್ನ ಜಡೆಯನ್ನು ಬಿಚ್ಚಿ ಇನ್ನೊಮ್ಮೆ ಹೆಣೆದಳು. ನನಗೆ ಅವಳ ಮೇಲೆ ಪ್ರೀತಿಯಿತ್ತು. ಆದರೆ ಇಪ್ಪತ್ತನಾಲ್ಕು ತುಂಬುತ್ತಿತ್ತು. ಶಾಲೆಯ ಉಳಿದ ಶಿಕ್ಷಕಿಯರೆಲ್ಲ ಬಸುರಿ ಬಾಣಂತಿಯರ ಮಾತಾಡುವಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಒಳಗೆಲ್ಲೋ ಒಂದು ಸಿಟ್ಟು ಬೆಳೆಯುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯದು ತೀರ್ಥಹಳ್ಳಿಯ ಸಂಬಂಧ. ಹುಡುಗ ಅಡಿಕೆ ಮಂಡಿಯಲ್ಲಿ ಗುಮಾಸ್ತ, ಶಾಂತ ಸ್ವಭಾವ. ಜಲಪಾತ ನೋಡುವ ನೆಪದಲ್ಲಿ ಅವನು, ಅವನ ತಾಯಿ, ಅವನ ಸೋದರತ್ತೆ ಬಂದರು. ನಮ್ಮ ಅಮ್ಮ ಎರಡು ದಿನ ಮೊದಲೇ ಬಂದಿದ್ದಳು. ಅತ್ತಿಗೆ ಬೆಳಿಗ್ಗೆಯೇ ಮಿಂದು, ಹಣೆಗೆ ಕುಂಕುಮವಿಟ್ಟು, ಕೇಸರಿಬಾತು ಮಾಡಿ, ಬಂದವರ ಕಣ್ಣಿಗೆ ಬೀಳಬಾರದೆಂದು ತಾನಾಗಿ ಅಡಿಗೆಮನೆಯಲ್ಲೇ ಉಳಿದಳು. ಆ ಸೋದರತ್ತೆ ಎದ್ದು ಅಮ್ಮನನ್ನು ಪಕ್ಕಕ್ಕೆ ಕರೆದು ಏನೋ ಕೇಳಿದ್ದು ನನಗೆ ಕಾಣಿಸಿತು.

ಅಮ್ಮ ನನ್ನನ್ನು ಹಿತ್ತಲ ನಲ್ಲಿಯ ಹತ್ತಿರ ಕರೆದಳು. "ಹುಡುಗನ ಕಡೆಯವು ಕೇಳ್ತಾ ಇದ್ದ. ಅದು ಹೊರಗೆಲ್ಲಾದ್ರೂ ಎಂತಾರು ತಿಂತಾ? ನೀ ಇಲ್ಲೇ ಇಪ್ಪವಳು. ಸತ್ಯ ಹೇಳು. ಆನು ಅವಕ್ಕೆ ಸುಳ್ಳು ಹೇಳ್ಲೆ ಆಗ್ತಿಲ್ಲೆ" ಎಂದಳು.

ಗೊತ್ತಿಲ್ಲೆ ಎನ್ನಬಹುದಿತ್ತು. ಅಮ್ಮನಿಗೆ ಅಷ್ಟು ಸಾಕಾಗುತ್ತಿತ್ತು.

"ಫಿಟ್ಟರನ ಮನೇಲಿ ಆನು ನೋಡಿದ್ದಿ" ಎಂದೆ. ಅಲ್ಲಿಗಾದರೂ ನಿಲ್ಲಬೇಕಿತ್ತು. "ಪ್ರತಿ ಬುಧವಾರ" ಎಂದು ಸೇರಿಸಿದೆ. ವಾರ ಯಾವುದೆಂದು ಅಮ್ಮ ಕೇಳಿಯೇ ಇರಲಿಲ್ಲ.

ಅಮ್ಮ ನಲ್ಲಿ ತಿರುಗಿಸಿ ಕೈ ತೊಳೆದುಕೊಂಡಳು. ಆಮೇಲೆ ಒಳಗೆ ಹೋದಳು. ಬಂದವರ ಹತ್ತಿರ ಏನು ಹೇಳಿದಳೋ ನನಗೆ ತಿಳಿಯದು. ಸಂಬಂಧ ಕುದುರಿತು. ಒಂದೇ ಷರತ್ತು: ಮದುವೆಯಲ್ಲಿ ಅತ್ತಿಗೆ ಕಲಶ, ಆರತಿ, ಅಡಿಗೆ ಯಾವುದನ್ನೂ ಮುಟ್ಟಬಾರದು. ಅಮ್ಮ ಅವತ್ತು ಮಧ್ಯಾಹ್ನ ಊಟ ಬೇಡವೆಂದಳು. ಸಂಜೆ ಎರಡು ಬಾಳೆಹಣ್ಣು ತಿಂದು ನೀರು ಕುಡಿದಳು, ನೀರನ್ನೂ ತಾನೇ ನಲ್ಲಿಯಿಂದ ಹಿಡಿದುಕೊಂಡು. ಅಮ್ಮನಿಗೆಂದು ಬಡಿಸಿಟ್ಟ ಎಲೆಯ ಎದುರು ಕೂತಿದ್ದ ಅತ್ತಿಗೆ ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಎಲೆ ಮಡಚಿ ಎತ್ತಿಕೊಂಡು ಹೋದಳು.

ಅಣ್ಣನಿಗೆ ಅಮ್ಮನೇ ಹೇಳಿದಳು. ಎರಡು ದಿನ ಅವನು ಹೆಂಡತಿಯೊಡನೆ ಮಾತಾಡಲಿಲ್ಲ. ಮೂರನೇ ದಿನ ಅವರಿಬ್ಬರ ಮಾತು ಗೋಡೆಯಾಚೆಯಿಂದ ನನಗೆ ಕೇಳಿಸಿತು, ಇಂಗ್ಲಿಷಿನಲ್ಲಿ. ನನಗೆ ಒಂದು ಮಾತು ಹೇಳಬಹುದಿತ್ತು ಎಂದ ಅಣ್ಣ. ನೀನು ಒಂದು ಮಾತು ಕೇಳಬಹುದಿತ್ತು ಎಂದಳು ಅತ್ತಿಗೆ. ಅಷ್ಟೇ. ನನ್ನೊಡನೆ ಅವಳು ಮುನಿಸು ತೋರಿಸಲಿಲ್ಲ. ಜಡೆ ಹೆಣೆದಳು, ಧಾರೆ ಸೀರೆಗೆ ರವಿಕೆ ಹೊಲಿದಳು. ಆದರೆ ಕೈಕಾಲು ತೊಳೆಯುವಲ್ಲಿ ಪಕ್ಕಕ್ಕೆ ಬಂದು ನಿಂತು ಹೇಳುವ ಸುದ್ದಿ ಅಲ್ಲಿಗೆ ಮುಗಿಯಿತು. ಹೇಳಲು ಏನೂ ಇಲ್ಲವೆಂದೋ, ಹೇಳಬಾರದೆಂದೋ, ನಾನು ಕೇಳಲಿಲ್ಲ.

ಮದುವೆ ನಮ್ಮೂರಿನಲ್ಲಿ ನಡೆಯಿತು. ಹೆಂಗಸರೆಲ್ಲ ಒಳಗೆ ಹೊರಗೆ ಓಡಾಡುವಾಗ ಅತ್ತಿಗೆ ಚಪ್ಪರದ ಕೊನೆಯ ಬೆಂಚಿನಲ್ಲಿ, ಅಣ್ಣನ ಆಫೀಸಿನ ಸ್ನೇಹಿತರ ನಡುವೆ ಅತಿಥಿಯ ಹಾಗೆ ಕೂತಿದ್ದಳು. ನೀಲಿ ರೇಷ್ಮೆ ಸೀರೆ ಉಟ್ಟಿದ್ದಳು. ಅವಳಿಗೆ ಊಟ ಹೊರಗಿನ ಪಂಕ್ತಿಯಲ್ಲಿ. ನಾನು ಧಾರೆ ಮುಗಿಸಿ ಹೊರಬರುವಾಗ ಕಣ್ಣಿಗೆ ಕಣ್ಣು ಸೇರಿತು. ಸೈಕಲ್ ಕಲಿತ ದಿನ ಮಾಡಿದ ಹಾಗೆ ಎರಡೂ ಕೈ ಎತ್ತಲು ಹೋಗಿ, ಸುತ್ತ ಜನ ಇರುವುದು ನೆನಪಾಗಿ, ಮುಗಿದಂತೆ ಮಾಡಿದಳು.

ತೀರ್ಥಹಳ್ಳಿಯಲ್ಲಿ ನನ್ನ ಬಾಳು ಚೆನ್ನಾಗಿಯೇ ನಡೆಯಿತು. ನನ್ನ ಗಂಡ ಒಳ್ಳೆಯ ಮನುಷ್ಯ. ಅವನು ಒಳ್ಳೆಯವನೆಂದು ತಿಳಿದಷ್ಟೂ ನನಗೆ ಆ ಬಾಳನ್ನು ಪಡೆದ ರೀತಿ ಚುಚ್ಚುತ್ತಿತ್ತು. ಅತ್ತಿಗೆ ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದಳು, ದುಂಡು ದುಂಡು ಕನ್ನಡ ಅಕ್ಷರದಲ್ಲಿ. ಬೆಕ್ಕು ಮರಿ ಹಾಕಿದೆ, ಲಿಂಗನಮಕ್ಕಿಯಲ್ಲಿ ನೀರು ನಿಂತಿದೆ, ನೋಡಲು ಸಮುದ್ರದ ಹಾಗೆ ಇದೆ, ಮುಳುಗಿದ ಊರಿನವರು ಬಂದು ದಡದಲ್ಲಿ ನಿಂತು ಹೋಗುತ್ತಾರೆ, ನಾನೂ ಅವರ ಜೊತೆ ನಿಂತೆ. ಒಂದು ಕಾರ್ಡಿನಲ್ಲಿ ಎರಡೇ ಸಾಲು ಇತ್ತು: "ನನ್ನ ಅಮ್ಮ ಹೋತು. ಬಿಸ್ಕತ್ತು ಇನ್ನು ಬತ್ತಿಲ್ಲೆ."

ಆಗ ನಾನು ಚೊಚ್ಚಲ ಬಸುರಿ. ಹೋಗಲಾಗಲಿಲ್ಲ. ಹೋಗಬಹುದಿತ್ತೇನೋ.

ಮದುವೆಯಾದ ನಾಲ್ಕನೇ ವರ್ಷ ಅಣ್ಣನ ಕಾಗದ ಬಂತು. ಅತ್ತಿಗೆಗೆ ಕೆಲವು ತಿಂಗಳಿನಿಂದ ಸುಸ್ತು, ಮೈಮೇಲೆ ನೀಲಿ ಕಲೆಗಳು. ಸಾಗರದ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕಳಿಸಿದರಂತೆ. ರಕ್ತದ ಕಾಯಿಲೆ ಎಂದರಂತೆ. ಮಗುವನ್ನು ಎತ್ತಿಕೊಂಡು ನಾನು ಜೋಗಕ್ಕೆ ಹೋದೆ. ಅಮ್ಮ ಆಗಲೇ ಬಂದು ಹತ್ತು ದಿನವಾಗಿತ್ತು. ಆ ಮದುವೆಯ ಮಾತುಕತೆಯ ಮೇಲೆ ಆ ಮನೆಯಲ್ಲಿ ಅನ್ನ ಮುಟ್ಟದ ಅಮ್ಮ, ಹಿತ್ತಲಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿ ತನಗೆ ಬೇಯಿಸಿಕೊಳ್ಳುತ್ತಿದ್ದಳು. ಅದೇ ಒಲೆಯ ಮೇಲೆ ಸೊಸೆಗೆ ಗಂಜಿ ಮಾಡಿ ಚಮಚದಲ್ಲಿ ಕುಡಿಸುತ್ತಲೂ ಇದ್ದಳು.

ಅತ್ತಿಗೆ ಹಾಸಿಗೆಯಲ್ಲಿ ತೀರ ಸಣ್ಣಗೆ ಕಂಡಳು. ಬಿಸಿಲು ಕಾಣದೆ ಮೂಗು ಬೆಳ್ಳಗೆ, ನಯವಾಗಿತ್ತು. ನನ್ನ ಮಗಳನ್ನು ಹತ್ತಿರ ಕರೆದು, "ಅದು ನಿನ್ನ ಹಾಗೇ ಇದ್ದು" ಎಂದಳು.

ಡಾಕ್ಟರು ಅಣ್ಣನನ್ನು ಹೊರಗೆ ಕರೆದು, "ಬಾಯಿಗೆ ರುಚಿಸಿದ್ದು ಏನು ಕೇಳಿದರೂ ಕೊಡಿ" ಎಂದಿದ್ದರು. ಡಾಕ್ಟರು ಹಾಗೆ ಯಾವಾಗ ಹೇಳುತ್ತಾರೆಂದು ಎಲ್ಲರಿಗೂ ಗೊತ್ತು. ಅಣ್ಣ ದಿನವೂ ಕೇಳುತ್ತಿದ್ದ. ಅವಳು ದಿನವೂ ಗಂಜಿ ಸಾಕು ಎನ್ನುತ್ತಿದ್ದಳು.

ನಾನು ಹಿಂದಿನ ಸಾಲಿಗೆ ಹೋದೆ. ಫಿಟ್ಟರನ ಹೆಂಡತಿ ನನ್ನನ್ನು ಕಂಡು ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲೇ ನಿಂತು ಮಾತಾಡಿದಳು. "ನಿಮ್ಮ ಮದುವೆ ಗೊತ್ತಾದ ಮೇಲೆ ಅಮ್ಮ ಒಂದಿನವೂ ನಮ್ಮಲ್ಲಿ ಕೂತು ಉಣ್ಲಿಲ್ಲ. ಬುಧವಾರ ಬರ್ತಿದ್ರು. ನೀರು ಕುಡ್ದು ಹೋಗ್ತಿದ್ರು. ನಾ ಎಷ್ಟು ಹೇಳಿದ್ರೂ, ಬೇಡ, ಆಸೆ ಹೋಯ್ತು ಅಂತಿದ್ರು. ಆಸೆ ಹೋದವರು ಬುಧವಾರನೇ ಯಾಕೆ ಬರ್ಬೇಕು?" ಎಂದಳು.

ಆ ದಿನವೂ ಬುಧವಾರವೇ. ಬಸ್ಸಿನಲ್ಲಿ ಮೀನು ಬಂದಿತ್ತು. ಅವಳು ತಾನೇ ಬೇಯಿಸಿ ಕೊಡುತ್ತೇನೆ ಎಂದಳು. ಬೇಡ, ಹೇಗೆಂದು ಹೇಳಿಕೊಡು ಎಂದೆ. ಒಂದು ಬಂಗಡೆಯನ್ನು ಹೆಚ್ಚಿ, ತೊಳೆದು, ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು. ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬಂದೆ.

ಅಮ್ಮ ಜಗಲಿಯಲ್ಲಿ ನನ್ನ ಮಗಳನ್ನು ಆಡಿಸುತ್ತಿದ್ದಳು. "ಅಮ್ಮಾ, ಆನು ಅತ್ತಿಗೆಗೆ ಮೀನು ಬೇಯಿಸ್ತಿ. ಮನೆ ಒಳಗೇ" ಎಂದೆ. ಅಮ್ಮ ನನ್ನ ಕೈಯ ಪೊಟ್ಟಣ ನೋಡಿದಳು. ಮಗುವನ್ನು ಎತ್ತಿಕೊಂಡು ಅಂಗಳಕ್ಕಿಳಿದಳು.

ಪಾತ್ರೆಗೆ ನೀರಿಟ್ಟೆ, ಉಪ್ಪು ಹಾಕಿದೆ, ಕಾಳುಮೆಣಸು ಹಾಕಿದೆ. ವಾಸನೆ ತಡೆಯದೆ ಎರಡು ಸಲ ಕಿಟಕಿಯ ಹತ್ತಿರ ಹೋಗಿ ನಿಂತು ಬಂದೆ. ಬೆಂದಿತೋ ಇಲ್ಲವೋ ನೋಡುವುದು ಹೇಗೆಂದು ಕೇಳಿಕೊಂಡಿರಲಿಲ್ಲ. ಕೊನೆಗೆ ಅಂದಾಜಿನ ಮೇಲೆ ಇಳಿಸಿ, ತಟ್ಟೆಗೆ ಹಾಕಿಕೊಂಡು ಒಳಗೆ ಒಯ್ದೆ.

ಅತ್ತಿಗೆಗೆ ವಾಸನೆ ಮೊದಲೇ ತಿಳಿದಿತ್ತು. ಕಣ್ಣು ಬಾಗಿಲಲ್ಲೇ ನೆಟ್ಟಿದ್ದಳು. ನಾನು ದಿಂಬಿಗೆ ಒರಗಿಸಿ ಕೂರಿಸಿದೆ. "ಅತ್ತಿಗೆ, ಆವತ್ತು ನಲ್ಲಿ ಹತ್ರ ಆನು..." ಎಂದು ಶುರು ಮಾಡಿದೆ. ನಾಲ್ಕು ವರ್ಷದಿಂದ ಆ ಮಾತನ್ನು ಕಟ್ಟಿಟ್ಟುಕೊಂಡಿದ್ದೆ.

"ಮುಳ್ಳು ತೆಗಿ ತಂಗಿ" ಎಂದಳು.

ಮುಳ್ಳು ತೆಗೆದೆ. ಹೇಗೆ ತೆಗೆಯಬೇಕೆಂದು ಗೊತ್ತಿರಲಿಲ್ಲ. ಮೀನನ್ನೆಲ್ಲ ಚೂರು ಚೂರು ಮಾಡಿದೆ. ಒಂದೊಂದೇ ಚೂರನ್ನು ಬೆರಳಿನಿಂದ ಸವರಿ ಸವರಿ ನೋಡಿ ಬಾಯಿಗಿಟ್ಟೆ. ಮೂರು ತುತ್ತು ತಿಂದಳು. ಅಷ್ಟರಲ್ಲಿ ಬಾಗಿಲ ಹತ್ತಿರ ನೆರಳು ಕಂಡಿತು. ಅಮ್ಮ ಹೊಸ್ತಿಲಾಚೆ, ಸೆರಗನ್ನು ಮೂಗಿಗೆ ಒತ್ತಿ ಹಿಡಿದು ನಿಂತಿದ್ದಳು.

"ಉಪ್ಪು ಸಾಕಾ ಹೇಳಿ ಕೇಳು" ಎಂದಳು ನನಗೆ.

ಅತ್ತಿಗೆಯೇ ಅಮ್ಮನ ಕಡೆ ಮುಖ ತಿರುಗಿಸಿ, "ಹೆಚ್ಚಾತು ಅತ್ತೆ" ಎಂದಳು.

"ಅದಕ್ಕೆ ಅಡಿಗೆ ಯಾವತ್ತೂ ಬಂದಿದ್ದಿಲ್ಲೆ" ಎಂದಳು ಅಮ್ಮ, ನನ್ನನ್ನು ತೋರಿಸಿ. ಅತ್ತಿಗೆ ನಕ್ಕಳು. ನಗಲು ಬೇಕಾದಷ್ಟು ಉಸಿರು ಇರಲಿಲ್ಲ, ಭುಜ ಮಾತ್ರ ಅಲುಗಿತು. ಅಮ್ಮ ಹೊಸ್ತಿಲು ದಾಟಲಿಲ್ಲ. ಆದರೆ ತಟ್ಟೆ ಖಾಲಿಯಾಗುವವರೆಗೆ ಅಲ್ಲಿಂದ ಕದಲಲೂ ಇಲ್ಲ.

ಅದಾಗಿ ಒಂಬತ್ತನೇ ದಿನ ಬೆಳಿಗ್ಗೆ ಅತ್ತಿಗೆ ಹೋದಳು. ಮೂವತ್ತಮೂರು ವರ್ಷ. ಶರಾವತಿಯ ದಡದಲ್ಲಿ ಅಣ್ಣನೇ ಬೆಂಕಿಯಿಟ್ಟ. ಫಿಟ್ಟರನ ಹೆಂಡತಿ ಅಂಗಳದ ಮೂಲೆಯಲ್ಲಿ ಸದ್ದಿಲ್ಲದೆ ಅಳುತ್ತ ಕೂತಿದ್ದಳು. ಅಮ್ಮ ತಾನಾಗಿ ಅವಳ ಹತ್ತಿರ ಹೋಗಿ ಪಕ್ಕದಲ್ಲಿ ಕೂತಳು. ಆಮೇಲೆ ಬದುಕಿದಷ್ಟು ವರ್ಷವೂ ಅಮ್ಮ ಆ ಮೀನಿನ ಮಾತು ಎತ್ತಲಿಲ್ಲ. ಅಣ್ಣ ಮತ್ತೆ ಮದುವೆಯಾಗಲಿಲ್ಲ.

ಅತ್ತಿಗೆಗೆ ಅಲ್ಲಿ ಒಬ್ಬ ತಂಗಿಯಿದ್ದಳು. ಸುದ್ದಿಯನ್ನು ಅಣ್ಣ ತಿಳಿಸಿದ್ದ. ಕೆಲವು ತಿಂಗಳ ಮೇಲೆ, ಅಣ್ಣನಿಂದ ವಿಳಾಸ ಪಡೆದು ನಾನೂ ಅವಳಿಗೆ ಬರೆದೆ. ನಿಮ್ಮ ಅಕ್ಕನ ವಿಷಯದಲ್ಲಿ ನಾನು ಮಾಡಿದ್ದು ಇದು ಎಂದು ಎಲ್ಲವನ್ನೂ ಬರೆದೆ: ಫಿಟ್ಟರನ ಹಿತ್ತಲು, ನಲ್ಲಿಯ ಹತ್ತಿರದ ಮಾತು, ಬುಧವಾರ, ಚಪ್ಪರದ ಕೊನೆಯ ಬೆಂಚು. ಇಂಗ್ಲಿಷ್ ತಪ್ಪಿದ್ದರೂ ತಪ್ಪಿರಲಿ ಎಂದು ಯಾರಿಗೂ ತೋರಿಸದೆ ಅಂಚೆಗೆ ಹಾಕಿದೆ. ಬೈದು ಬರೆಯಲಿ ಎಂದು ಕಾದೆ. ಬೈದರೆ ಸ್ವಲ್ಪ ಹಗುರಾಗಬಹುದು ಎಂಬ ಆಸೆ.

ಉತ್ತರ ಬಂತು. ಒಂದೇ ಹಾಳೆ. ಅದರ ಸಾರಾಂಶ ಇಷ್ಟು: "ನೀವು ಬರೆದ ವಿಷಯ ಅಕ್ಕನ ಯಾವ ಕಾಗದದಲ್ಲೂ ಇಲ್ಲ. ಹುಡುಕಿ ನೋಡಿದೆ. ನಿಮ್ಮ ಸೈಕಲ್ ಇದೆ, ನಿಮ್ಮ ಶಾಲೆ ಇದೆ, ನಿಮ್ಮ ಮದುವೆಯ ದಿನ ನೀವು ಬಹಳ ಚೆನ್ನಾಗಿ ಕಾಣುತ್ತಿದ್ದಿರಿ ಎಂದು ಎರಡು ಪುಟ ಇದೆ. ಎಲ್ಲ ಕಡೆಯೂ ನಿಮ್ಮನ್ನು ಅವಳು 'ನನ್ನ ತಂಗಿ' ಎಂದೇ ಬರೆದಿದ್ದಾಳೆ. ತಂಗಿ ನಾನಲ್ಲವೇ ಎಂದು ನನಗೆ ಆಗೆಲ್ಲ ಹೊಟ್ಟೆಕಿಚ್ಚಾಗುತ್ತಿತ್ತು."

ಆ ದಿನ ಜ್ವರವೆಂದು ಅತ್ತೆಯ ಹತ್ತಿರ ಸುಳ್ಳು ಹೇಳಿ, ಮಧ್ಯಾಹ್ನವಿಡೀ ಬಾಗಿಲು ಹಾಕಿಕೊಂಡು ಮಲಗಿದೆ. ಆ ಕಾಗದಕ್ಕೆ ಉತ್ತರ ಬರೆಯಲು ಆಮೇಲೆ ಎಷ್ಟೋ ಸಲ ಕೂತಿದ್ದೇನೆ. ಮೊದಲ ಸಾಲಿನಲ್ಲಿ ಆ ತಂಗಿಯನ್ನು ಏನೆಂದು ಕರೆಯಬೇಕು ಎಂಬುದೇ ಬಗೆಹರಿಯಲಿಲ್ಲ.